ಬಾಲವಿಲ್ಲದ ಗಂಟು

ಎರಡನೆಯ ಗಂಟಿನ ಬಾಲ ಹಿಡಿದು ಹಗ್ಗದವಳು ಜಗ್ಗಿದಳು. ನಿದ್ದೆಯಿಂದ ಎದ್ದವರು ಮೈಮುರಿದ ಹಾಗೆ ಗಂಟು ಸಡಿಲಗೊಂಡು, ಗೂಟದಿಂದ ಜಾರಿ, ನೀರಿಗೆ ಬಿತ್ತು. ಬೀದಿಯಲ್ಲಿ ಯಾರೋ ಕಿರುಚಿದರು. ಅವಳು ತಿರುಗಿ ನೋಡಲಿಲ್ಲ. ಒದ್ದೆ ಹಗ್ಗವನ್ನು ಸುರುಳಿ ಸುತ್ತಿ ತಂಗಿಯ ಮನೆಯ ಜಗಲಿಗೆ ಎಸೆದು, ದೋಣಿಯನ್ನು ಮೂರನೆಯ ಮೂಲೆಗೆ ತಳ್ಳಿದಳು.

“ಏ ಹಗ್ಗದಕ್ಕಾ! ತಲೆಗಿಲೆ ಕೆಟ್ಟಿದೆಯಾ? ಅದು ಯಾರ ಮನೆ ಗೊತ್ತಾ?” ಎದುರು ಸಾಲಿನ ಬುಟ್ಟಿಯವಳು. ಅರ್ಧ ಹೆಣೆದ ಬುಟ್ಟಿ ಅವಳ ಕೈಯಲ್ಲೇ ಇತ್ತು.

“ಗೊತ್ತು. ನನ್ನ ತಂಗಿ ಮನೆ.”

“ತಂಗಿ ಮನೆಯಂತೆ! ಹೇಳೋಳ ಮನೆ ಕಣೇ ಅದು! ಬಿಚ್ಚಬೇಡಿ ಅಂತ ಬೆಳಿಗ್ಗೆ ತಾನೇ ಹೇಳಿದಾಳೆ. ಕಿವಿಗೆ ನಾರು ತುರುಕ್ಕೊಂಡಿದ್ಯಾ?”

“ಹೂಂ. ನನ್ನ ಹತ್ರ ನಾರು ಬೇಕಾದಷ್ಟಿದೆ. ನಿಂಗೂ ಒಂದು ಹಿಡಿ ಕೊಡ್ಲಾ, ಬಾಯಿಗೆ?”

ಮೂರನೆಯದನ್ನೂ ಜಗ್ಗಿದಳು. ಅದೂ ಬಿತ್ತು.

ಆ ಊರಿನಲ್ಲಿ ಬೀದಿ ಎಂದರೆ ನೀರು. ಮನೆಗಳೆಲ್ಲ ತೇಲುತ್ತವೆ, ಮನೆಯೊಂದಕ್ಕೆ ನಾಲ್ಕು ಮೂಲೆ, ನಾಲ್ಕು ಹಗ್ಗ, ನಾಲ್ಕು ಗೂಟ. ಸಾಲು ಸಾಲುಗಳ ನಡುವೆ ಎರಡು ದೋಣಿಗಳು ಬೈದಾಡಿಕೊಂಡು ದಾಟುವಷ್ಟು ಅಗಲದ ಬೀದಿ. ಮುಂಬಾಗಿಲು, ಹಿಂಬಾಗಿಲು ಎಂಬ ಮಾತು ಅಲ್ಲಿಲ್ಲ. ನೀರು ಬರುವ ಕಡೆಯದು ಬರುವ ಬಾಗಿಲು, ಹೋಗುವ ಕಡೆಯದು ಹೋಗುವ ಬಾಗಿಲು. ವರ್ಷಕ್ಕೊಮ್ಮೆ ಎರಡೂ ಹೆಸರು ಅದಲುಬದಲಾಗುತ್ತವೆ, ಯಾಕೆಂದರೆ ಈ ನದಿ ಹೊರಳುತ್ತಾಳೆ. ಒಂದು ವರ್ಷ ಬೆಟ್ಟದಿಂದ ಜವುಗಿನ ಕಡೆಗೆ, ಮರುವರ್ಷ ಜವುಗಿನಿಂದ ಬೆಟ್ಟದ ಕಡೆಗೆ. ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಹೊರಳುವ ಮುಂಚೆ ಒಂದು ಬೆಳಿಗ್ಗೆ, ಮನೆಯಿಂದ ಹೊರಟವಳು ಏನೋ ಮರೆತೆನಲ್ಲ ಎಂದು ಹೊಸ್ತಿಲಲ್ಲಿ ನಿಂತ ಹಾಗೆ, ಸುಮ್ಮನೆ ನಿಲ್ಲುತ್ತಾಳೆ.

ಆ ನಿಂತ ಬೆಳಿಗ್ಗೆ ಊರಿನ ಎಲ್ಲ ಮನೆಗಳನ್ನೂ ಬಿಚ್ಚಬೇಕು. ನೀರು ಹೊರಳಿದ ಮೇಲೆ ಯಾವ ಮನೆ ತೇಲಿಹೋಗಿ ಎಲ್ಲಿ ತಂಗುತ್ತದೋ ಅಲ್ಲೇ ಗೂಟ, ಅಲ್ಲೇ ಆ ವರ್ಷದ ಬಾಳು. ಮೈತಾಗಿಸಿ ನಿಂತ ಇನ್ನೊಂದು ಮನೆಯೇ ಜೋಡಿ ಮನೆ. ಅಲ್ಲಿರುವವರೇ ವರ್ಷದ ನೆಂಟರು. ನದಿ ದೂರ ಮಾಡಿದವರನ್ನು ಹುಡುಕಿಕೊಂಡು ಹೋಗುವಂತಿಲ್ಲ. ಅವಳು ಮತ್ತೆ ಹತ್ತಿರ ತಂದರೆ ತಂದಳು, ಇಲ್ಲದಿದ್ದರೆ ಇಲ್ಲ. ತನ್ನ ಮನೆಯ ಗಂಟನ್ನು ತಾನು ಮುಟ್ಟಬಾರದು, ಜೋಡಿ ಮನೆಯವರೇ ಬಿಚ್ಚಬೇಕು. ಹಗ್ಗಕ್ಕೆ ಕತ್ತಿ ತಾಗಿಸಬಾರದು. ಹಗ್ಗ ಹೊಸೆಯುವ ಜೊಂಡಿನ ನಾರು ಎಂದರೆ ನದಿಯ ಕೂದಲು. ಅದಕ್ಕೇ ಪ್ರತಿ ಗಂಟಿಗೂ ಒಂದು ಬಾಲ ಬಿಟ್ಟಿರಬೇಕು, ಹಾಲುಹಲ್ಲಿನ ಮಗು ಎಳೆದರೂ ಕಳಚಿಕೊಳ್ಳುವ ಹಾಗೆ.

ಮತ್ತು ಇನ್ನೊಂದು. ಯಾವುದಾದರೂ ಒಂದು ಮನೆ ನಾಲ್ಕೂ ಮೂಲೆ ಬಿಚ್ಚಿಕೊಂಡಿತೆಂದರೆ, ಆ ಗಳಿಗೆಯಿಂದ ನೀರು ಹೊರಳುವ ತನಕ, ಯಾರು ಬೇಕಾದರೂ ತಮ್ಮ ಮನೆ ಬಿಟ್ಟು ಇನ್ನೊಂದು ಮನೆಗೆ ಕಾಲೆತ್ತಿ ಇಡಬಹುದು. ಯಾಕೆ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಗಂಡನಿಗೂ ಇಲ್ಲ, ಹೆತ್ತವಳಿಗೂ ಇಲ್ಲ.

ಬಿಚ್ಚಿ ಎಂದು ಕೂಗುವವಳು ಹೇಳುವವಳು. ಅದು ಮನೆತನದಲ್ಲಿ ಇಳಿದುಬರುವ ಪದವಿಯಲ್ಲ. ದೊಡ್ಡ ತಿರುವಿನ ಒಳಮೂಲೆಯಲ್ಲಿ ಯಾವ ಮನೆ ಹೋಗಿ ನಿಂತಿತೋ ಆ ಮನೆಯ ಹಿರಿಯ ಹೆಂಗಸು ಆ ವರ್ಷಕ್ಕೆ ಹೇಳುವವಳು. ಈ ವರ್ಷ ಅಲ್ಲಿ ನಿಂತದ್ದು ತಂಗಿಯ ಮನೆ. ತೇಲುತ್ತ ತೇಲುತ್ತ ಬಂದು ಅದಕ್ಕೆ ಭುಜ ತಾಗಿಸಿದ್ದು ಅಕ್ಕನ ಮನೆ. ಒಂಬತ್ತು ವರ್ಷ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ಮನೆಗಳು ಒಂದಕ್ಕೊಂದು ಗುದ್ದಿದ ಸದ್ದಿಗೆ ಹೊರಬಂದ ಇಬ್ಬರೂ, ಯಾವಳೇ ಅದು ಎಂದು ಬೈಯಲು ಬಾಯಿ ತೆರೆದು, ಹಾಗೇ ನಿಂತಿದ್ದರು.

ಇವತ್ತು ಬೆಳಿಗ್ಗೆ ತಂಗಿ ಹೇಳುವವಳ ಮಣೆಯ ಮೇಲೆ ಕೂತು, ನದಿ ಏನನ್ನುತ್ತಾಳೆಂದು ಕೇಳಲು ನೀರಿಗೆ ಕಾಲಿಟ್ಟಳು. ಮೆಟ್ಟಿಲ ಮುಂದೆ ಒಂದು ಜೊಂಡಿನ ಹೂ ಬೆಟ್ಟದ ಕಡೆಗೂ ಹೋಗದೆ ಜವುಗಿನ ಕಡೆಗೂ ಹೋಗದೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಊರೇ ಅದನ್ನು ನೋಡುತ್ತಿತ್ತು. ತಂಗಿ ಎದ್ದು, “ಈ ವರ್ಷ ಬಿಚ್ಚಬೇಡಿ, ಇದ್ದಲ್ಲೇ ಇರಿ ಅಂತಿದಾಳೆ,” ಎಂದು ಹೇಳಿ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಜನ ಹೂವನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ಕಟ್ಟಿಟ್ಟ ಪಾತ್ರೆಗಳನ್ನು ಮತ್ತೆ ಗೋಡೆಯ ಕೊಕ್ಕೆಗೆ ತಗುಲಿಹಾಕಿದರು. ಬಹಳ ಜನರ ಮುಖದಲ್ಲಿ, ಮುಚ್ಚಿಟ್ಟುಕೊಂಡರೂ, ಖುಷಿಯಿತ್ತು.

ಹಗ್ಗದವಳು ಮಾತ್ರ ಹಾಗೇ ನಿಂತಿದ್ದಳು. ತಂಗಿಯ ಕಣ್ಣನ್ನು ಅವಳು ತೊಟ್ಟಿಲಿನಿಂದ ಬಲ್ಲಳು. ಅದು ಸುಳ್ಳು ಹೇಳುವಾಗ ಎಡಕ್ಕೆ ಓಡುವ ಕಣ್ಣು.

ಈಗ ಅವಳ ದೋಣಿ ನಾಲ್ಕನೆಯ ಮೂಲೆಗೆ ಬಂತು. ಎರಡು ಮನೆಗಳೂ ಕೂಡುವ ಮೂಲೆ ಅದು. ಬಾಲಕ್ಕಾಗಿ ಕೈ ಹಾಕಿದಳು. ಬಾಲ ಸಿಗಲಿಲ್ಲ. ಗೂಟವನ್ನು ಬಳಸಿ ಹುಡುಕಿದಳು, ನೀರಿನೊಳಗೂ ತಡಕಿದಳು. ಬಾಲವೇ ಇರಲಿಲ್ಲ.

ಕಗ್ಗಂಟು. ಹಿಂದಿನ ಸಂಜೆ ಹಾಕಿದ್ದಿರಬೇಕು. ನಾರು ಬಿಗಿದುಕೊಂಡ ಜಾಗದಲ್ಲಿ ಇನ್ನೂ ಬಿಳಿ ಬಣ್ಣ. ಹುಟ್ಟಿದಾಗಿನಿಂದ ಕಗ್ಗಂಟನ್ನೇ ಕಾಣದವಳು ಹಾಕಿದ ಕಗ್ಗಂಟು. ಒಂದರ ಮೇಲೊಂದು ಸುತ್ತಿ, ತುದಿಯನ್ನು ಹೊಟ್ಟೆಯೊಳಗೆ ತುರುಕಿ, ಮತ್ತೆ ಮೇಲೆ ಸುತ್ತಿ, ನೆನೆದು ಊದಿಕೊಂಡು ಕಲ್ಲಾಗಿತ್ತು. ಚಿಕ್ಕವಳಿದ್ದಾಗ ಜಡೆ ಹೆಣೆಯಲು ಬಾರದೆ ತಂಗಿ ಹೀಗೇ ಕೂದಲನ್ನು ಸುತ್ತಿಕೊಂಡು ಅಕ್ಕನ ಮುಂದೆ ಬಂದು ಕೂರುತ್ತಿದ್ದಳು. ಹಗ್ಗವೋ, ಹಗ್ಗದವಳೇ ಹೊಸೆದು ಜೋಡಿ ಮನೆಗೆಂದು ಉಡುಗೊರೆ ಕೊಟ್ಟದ್ದು.

ಅವಳು ಸೊಂಟದಿಂದ ಕೊಂಬಿನ ದಬ್ಬಳ ತೆಗೆದು ಗಂಟಿನ ಸಂದಿಗೆ ಮೊನೆ ಇಟ್ಟಳು.

ಬಾಗಿಲು ತೆರೆದುಕೊಂಡಿತು. ತಂಗಿ ಬಂದು ಜಗಲಿಯ ಅಂಚಿನಲ್ಲಿ, ಅಕ್ಕನ ತಲೆಯ ನೇರಕ್ಕೆ, ಕುಕ್ಕರುಗಾಲಲ್ಲಿ ಕೂತಳು.

“ಸಾಕು ಬಿಡು ಅಕ್ಕ. ಅದು ಬಿಚ್ಚಲ್ಲ.”

“ಬಿಚ್ಚದ ಗಂಟು ಹಾಕೋಕೂ ಕೈ ಕಲಿತಿರಬೇಕು. ಇದು ಗಂಟಲ್ಲ, ತಲೆ ಸಿಕ್ಕು.”

“ಎಲ್ಲರೂ ನೋಡ್ತಿದಾರೆ.”

“ನೋಡ್ಲಿ. ಹೇಳೋಳ ಮನೆ ಗೂಟಕ್ಕೆ ಕಗ್ಗಂಟು ಬಿದ್ದಿರೋದನ್ನೂ ನೋಡ್ಲಿ.”

ತಂಗಿ ದನಿ ತಗ್ಗಿಸಿದಳು. “ಕೂಗಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ.”

“ಕೂಗಲ್ಲ. ಅವಳು ನಿಜವಾಗ್ಲೂ ಹಾಗಂದ್ಲಾ? ಇರಿ ಅಂತ?”

“ಅವಳು ಏನೂ ಅನ್ನಲ್ಲ ಅಕ್ಕ. ವರ್ಷವಿಡೀ ಕಾಲಿಟ್ಟು ಕೂತಿದೀನಿ. ತಣ್ಣಗಿರುತ್ತೆ. ಬೆರಳ ಸಂದಿಗೆ ಮೀನಿನ ಮರಿ ಬಂದು ಕಚ್ಚುತ್ತೆ. ಅಷ್ಟೇ.”

ಎದೆ ಝಲ್ಲೆನ್ನಬೇಕಿತ್ತು. ಹಗ್ಗದವಳಿಗೆ ಹಾಗೇನೂ ಆಗಲಿಲ್ಲ. ದಬ್ಬಳ ಒಂದು ಎಳೆಯ ಕೆಳಗೆ ನುಗ್ಗಿತು, ಅದನ್ನು ಮೀಟಿದಳು. “ಹಾಗಾದ್ರೆ ನೀನೂ ಏನೂ ಅನ್ನದೆ ಸುಮ್ಮನಿರಬೇಕಿತ್ತು.”

ಪಕ್ಕದಲ್ಲಿ ಅವಳದೇ ಮನೆಯ ಜಗಲಿಯಲ್ಲಿ ಅವಳ ಗಂಡ, ಒಲೆಯವನು, ಮಣ್ಣಿನ ಒಲೆಗಳ ನಡುವೆ ಹುಲ್ಲಿನ ಕಂತೆ ಹಿಡಿದು ನಿಂತಿದ್ದ. ಪ್ರತಿ ವರ್ಷ ಬಿಚ್ಚುವ ಮುಂಚೆ ಒಲೆಗಳಿಗೆ ಹುಲ್ಲು ಸುತ್ತುವುದು ಅವನ ಕೆಲಸ. ತೇಲುವಾಗ ಒಂದಕ್ಕೊಂದು ತಾಗಿದರೆ ಒಡೆಯುತ್ತವೆ.

“ಏನೇ, ಹುಲ್ಲು ಸುತ್ತಲಾ, ಬಿಚ್ಚಲಾ? ಬೆಳಿಗ್ಗೆಯಿಂದ ಇದು ಮೂರನೇ ಸಲ. ಒಲೆಗಳೇ ನನ್ನ ನೋಡಿ ನಗ್ತಿವೆ.”

“ಸುತ್ತಿ.”

“ನಾದಿನಿ ಏನಂತಾಳೆ?”

“ಸುತ್ತೀ ಅಂದೆನಲ್ಲ.”

“ಸರಿ ಸರಿ. ನಂದು ಹುಲ್ಲಿನ ಇಲಾಖೆ, ನಾನ್ಯಾಕೆ ದೊಡ್ಡ ಮಾತಿಗೆ ತಲೆ ಹಾಕ್ಲಿ.” ಅವನು ಮೊದಲ ಒಲೆಯ ಮುಂದೆ ಕೂತ.

ಬುಟ್ಟಿಯವಳಿಗೆ ತಡೆಯಲಾಗಲಿಲ್ಲ. ದೋಣಿ ಬಿಟ್ಟುಕೊಂಡು ನಡುಬೀದಿಗೆ ಬಂದಳು. “ನೋಡು ಹಗ್ಗದಕ್ಕಾ, ನಿಂಗೆ ಮಕ್ಕಳಿಲ್ಲ ಮರಿ ಇಲ್ಲ, ಎಲ್ಲಿಗೆ ತೇಲಿದ್ರೂ ನಡೆಯುತ್ತೆ. ನನ್ನ ಮಗಳು ಈ ವರ್ಷ ಕಣ್ಣೆದುರಿಗಿದ್ದಾಳೆ. ಅಡುಗೆ ಮಾಡಿದ್ರೆ ಒಂದು ಬಟ್ಟಲು ಅಲ್ಲಿಗೂ ಹೋಗುತ್ತೆ. ಅದನ್ನು ಕಿತ್ಕೊಂಡ್ರೆ ನಿನಗೇನು ಬರುತ್ತೆ? ನಿನ್ನ ಹೊಟ್ಟೆ ತಣ್ಣಗಾಗುತ್ತಾ?”

ನಿಜ ಹೇಳಬೇಕೆಂದರೆ ತಾನು ಯಾಕೆ ದೋಣಿ ಇಳಿಸಿದೆ ಎಂಬುದೇ ಹಗ್ಗದವಳಿಗೆ ಸರಿಯಾಗಿ ಗೊತ್ತಿರಲಿಲ್ಲ. ಹಟ ಎಂದರೆ ಹಟ. ಬಿಚ್ಚುತ್ತದೆ ಎಂದು ಮಾತು ಕೊಟ್ಟು ಊರಿಗೆಲ್ಲ ಹಗ್ಗ ಹೊಸೆದು ಕೊಟ್ಟವಳಿಗೆ, ಅದೇ ಹಗ್ಗದಲ್ಲಿ ಊರು ಕಟ್ಟಿಕೊಂಡು ಕೂತದ್ದನ್ನು ನೋಡಲಾಗಲಿಲ್ಲ. ಅಷ್ಟೇ ಇರಬಹುದು. ಬುಟ್ಟಿಯವಳು ಮಗಳತ್ತ ಕೈ ಮಾಡಿ ತೋರಿಸಿದಾಗ, ಅವಳೂ ತಲೆಯೆತ್ತಿ ನೋಡಿದಳು.

ಮಗಳ ಮನೆ ಹಗ್ಗದವಳ ಮನೆಯ ಆಚೆ ಬದಿಗೆ, ಒಂದು ಹೆಜ್ಜೆಯ ದೂರ. ಅವಳ ಗಂಡ ಬಲೆಯವನು. ಮಗಳು ಜಗಲಿಯ ತುದಿಯಲ್ಲಿ ಬೆನ್ನಿನ ಹಿಂದೆ ಎರಡೂ ಕೈ ಕಟ್ಟಿ ನಿಂತಿದ್ದಳು, ಅಮ್ಮ ತನ್ನ ವಿಷಯವೇ ಮಾತಾಡುತ್ತಿದ್ದರೂ ಅಮ್ಮನ ಕಡೆ ನೋಡದೆ. ಕಟ್ಟಿದ ಕೈಗಳಲ್ಲಿ ಒಂದು ಬಟ್ಟೆಗಂಟು. ಜಗಲಿಯ ಕಡೆಯಿಂದ ನೋಡಿದವರಿಗೆ ಅದು ಕಾಣದು; ಮೂಲೆಯ ಗೂಟದ ಬಳಿ, ನೀರಿನ ಮಟ್ಟದಿಂದ ಓರೆಯಾಗಿ ನೋಡಿದವಳಿಗೆ ಮಾತ್ರ ಕಾಣುತ್ತಿತ್ತು. ಮೇಲುತೋಳಿನ ಮೇಲೆ ಹಳದಿಗಟ್ಟಿದ ಬೆರಳ ಗುರುತುಗಳೂ ಕಾಣುತ್ತಿದ್ದವು. ಹುಡುಗಿ ನೋಡುತ್ತಿದ್ದದ್ದು ನಾಲ್ಕನೆಯ ಗಂಟನ್ನು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಳು.

ಹಗ್ಗದವಳು ಥಟ್ಟನೆ ತಲೆ ತಗ್ಗಿಸಿದಳು, ತನ್ನ ನೋಟ ಹಿಡಿದು ಬೇರೆಯವರೂ ಅಲ್ಲಿ ನೋಡಿಯಾರೆಂದು. ದಬ್ಬಳ ಹಿಡಿದ ಕೈಗೆ ಬೇರೆಯದೇ ಬಲ ಬಂದಿತ್ತು.

ಅವಳೂ ಒಮ್ಮೆ ಹಾಗೆ ನಿಂತವಳು. ಮೀನು ಒಣಗಿಸುವವನ ಮನೆಯಲ್ಲಿ. ಅವನ ಕೈ ಬಲು ಚುರುಕು, ಮೀನಿನ ಮೇಲೂ, ಹೆಂಡತಿಯ ಬೆನ್ನಿನ ಮೇಲೂ. ಒಂದು ನಿಂತ ಬೆಳಿಗ್ಗೆ, ಯಾರದೋ ಮನೆಯ ನಾಲ್ಕನೆಯ ಗಂಟು ನೀರಿಗೆ ಬಿದ್ದ ಸದ್ದು ಕೇಳಿದ್ದೇ, ಎದುರಿಗೆ ಯಾವ ಮನೆಯಿತ್ತೋ ಆ ಮನೆಗೆ ಕಾಲಿಟ್ಟಿದ್ದಳು. ಅಲ್ಲಿ ಒಬ್ಬ ಒಲೆಗಳಿಗೆ ಹುಲ್ಲು ಸುತ್ತುತ್ತಿದ್ದ. ತಲೆಯೆತ್ತಿ ನೋಡಿ, “ಊಟ ಆಯ್ತಾ?” ಎಂದಿದ್ದ. ಇವತ್ತಿನವರೆಗೂ ಅವನು ಅದಕ್ಕಿಂತ ಹೆಚ್ಚಿನದೇನನ್ನೂ ಕೇಳಿಲ್ಲ.

“ಅಕ್ಕ,” ತಂಗಿ ಅಂದಳು. “ಅಮ್ಮ ಹೋಗುವಾಗ ನೀನೆಲ್ಲಿದ್ದೆ?”

ದಬ್ಬಳ ನಿಂತಿತು.

“ಜವುಗಿನ ಬಾಯಲ್ಲಿದ್ದೆ. ನಿಂಗೆ ಗೊತ್ತಿರೋದೇ.”

“ನಂಗೆ ಆಗ ಗೊತ್ತಿರ್ಲಿಲ್ಲ. ನೀನು ಬದುಕಿದ್ಯೋ ಇಲ್ವೋ ಅದೂ ಗೊತ್ತಿರ್ಲಿಲ್ಲ. ಕೊನೇಲಿ ಅಮ್ಮ, ದೊಡ್ಡೋಳೆಲ್ಲಿ, ದೊಡ್ಡೋಳೆಲ್ಲಿ ಅಂತಿದ್ಲು. ನಾನೇ ದೊಡ್ಡೋಳು ಅಂತ ಕೈ ಹಿಡ್ಕೊಂಡು ಕೂತೆ. ಕೈ ಮುಟ್ಟಿ ನೋಡಿದ್ಲು. ಇಲ್ಲ, ದೊಡ್ಡೋಳ ಕೈ ಒರಟು ಅಂದ್ಲು. ಇದನ್ನೆಲ್ಲ ಮಾಡಿದ ನೀರಿಗೆ ನೀನು ಮತ್ತೆ ನನ್ನ ಬಿಚ್ಚಿ ಕೊಡ್ತಿದ್ದೀಯ. ನಂಗೆ ವಯಸ್ಸಾಯ್ತು ಅಕ್ಕ. ಇನ್ನೊಂದು ಸಲ ಒಂಬತ್ತು ವರ್ಷ ನನ್ನ ಹತ್ರ ಇಲ್ಲ.”

ಹಗ್ಗದವಳು ತನ್ನ ಕೈ ನೋಡಿಕೊಂಡಳು. ನಾರು ತಿಂದು ತಿಂದು ಬೆರಳ ಗೆರೆಗಳೇ ಅಳಿಸಿದ್ದ ಕೈ. ಅದನ್ನು ಅಲ್ಲೇ ಬಿಟ್ಟು, ಹತ್ತಿ ಹೋಗಿ ತಂಗಿಯ ಪಕ್ಕ ಕೂತು, ತಲೆ ಮುಟ್ಟಬೇಕೆನ್ನಿಸಿತು. ಎಷ್ಟು ಹತ್ತಿರವಿತ್ತು ಆ ಜಗಲಿ.

“ನನ್ನ ಹತ್ರಾನೂ ಇಲ್ಲ,” ಅಂದಳು. ಮತ್ತೆ ಮೊನೆಯನ್ನು ಗಂಟಿನೊಳಗೆ ಇಟ್ಟಳು.

ಅಷ್ಟರಲ್ಲಿ ಬಲೆಯವನು ಉದ್ದದ ಕೋಲು ಹಿಡಿದು ಅವಳ ದೋಣಿಯನ್ನು ದೂರ ತಳ್ಳಲು ಬಂದ. ಹೇಳೋಳ ಮಾತೆಂದರೆ ಊರಿನ ಮಾತು, ಯಾರೋ ಒಬ್ಬಳ ತಿಕ್ಕಲಿಗೆ ಊರು ಹಾಳಾಗಬಾರದು ಎಂದೆಲ್ಲ ದೊಡ್ಡ ದನಿಯಲ್ಲಿ ಹೇಳುತ್ತ ಬಂದ. ಒಲೆಯವನು ಕೂತಲ್ಲಿಂದಲೇ ಹೇಳಿದ: “ಜೋಡಿ ಮನೆಯವಳ ಕೈ ಗಂಟಿನ ಮೇಲಿದ್ದಾಗ ಯಾರೂ ಅಡ್ಡ ಬರಬಾರದು ಅಂತ ನಿಮ್ಮಪ್ಪ ಹೇಳಿಕೊಡ್ಲಿಲ್ವೇನಪ್ಪ? ನಿಮ್ಮಪ್ಪ ಒಳ್ಳೆಯವನು. ನಂದೊಂದು ಒಲೆ ತಗೊಂಡು ಹೋದ, ಇನ್ನೂ ಉರೀತಿದೆಯಾ?”

ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಬಲೆಯವನ ಕೋಲು ಗಾಳಿಯಲ್ಲೇ ಉಳಿಯಿತು. ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಹೇಳುವವಳೇ ಬಾಯಿಬಿಟ್ಟು, ಮುಟ್ಟು ಅವಳನ್ನು, ಎಂದಿದ್ದರೆ ಅವನು ಮುಟ್ಟುತ್ತಿದ್ದನೇನೋ. ಅವನು ಹೇಳುವವಳ ಮುಖ ನೋಡಿದ. ಊರೂ ನೋಡಿತು.

ತಂಗಿ ಬಾಯಿ ಬಿಡಲಿಲ್ಲ.

ಗಂಟಿನ ಹೊಟ್ಟೆಯಿಂದ ತುದಿ ಹೊರಗೆ ಇಣುಕಿತು. ಹಗ್ಗದವಳು ಅದನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. ವಸಡಿನಿಂದ ರಕ್ತ ಬಂತು, ಉಗುಳಿದಳು. ಒಂದು ಸುತ್ತು ಕಳಚಿತು. ಇನ್ನೊಂದು. ಮೆಟ್ಟಿಲ ಮುಂದಿನ ಜೊಂಡಿನ ಹೂ, ಯಾರೋ ಕಿರುಬೆರಳಲ್ಲಿ ಮುಟ್ಟಿದ ಹಾಗೆ, ಸಣ್ಣಗೆ ನಡುಗಿತು. ಕೊನೆಯ ಸುತ್ತು ಬಿಡಲೊಲ್ಲದು. ಅವಳು ದೋಣಿಯಲ್ಲಿ ಕಾಲು ಊರಿ ನಿಂತು, ಎರಡೂ ಕೈಯಲ್ಲಿ ಹಿಡಿದು, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಜಗ್ಗಿದಳು. ನದಿಯನ್ನು ಬೈದಳು, ತಂಗಿಯನ್ನು ಬೈದಳು, ಇಷ್ಟು ಗಟ್ಟಿ ಹಗ್ಗ ಹೊಸೆದ ತನ್ನನ್ನೂ ಬೈದಳು.

ಹಗ್ಗ ನೀರಿಗೆ ಬಿತ್ತು.

ಸಣ್ಣ ಸದ್ದು. ಆದರೆ ಆ ಊರಿನಲ್ಲಿ ಆ ಸದ್ದನ್ನು ಕೇಳಲು ಯಾರಿಗೂ ಕಿವಿ ನಿಮಿರಿಸಬೇಕಾಗಿಲ್ಲ.

ಬುಟ್ಟಿಯವಳ ಮಗಳು ಕಾಲೆತ್ತಿದಳು. ಒಂದೇ ಹೆಜ್ಜೆ. ಒಲೆಯವನ ಜಗಲಿಯ ಮೇಲೆ ಬಂದು ನಿಂತಳು, ಬಟ್ಟೆಗಂಟು ಈಗ ಎದೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ. ಬಲೆಯವನ ಬಾಯಿ ತೆರೆಯಿತು. ಯಾಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದು ಕಂಡಿತು. ಅದನ್ನವನು ನುಂಗಿಕೊಂಡ. ನಡುಬೀದಿಯಲ್ಲಿ ಬುಟ್ಟಿಯವಳು ಮಗಳ ತೋಳನ್ನು ಮೊದಲ ಸಲ ನೋಡುತ್ತಿರುವಂತೆ ನೋಡಿದಳು. ಕೈಯಲ್ಲಿದ್ದ ಬುಟ್ಟಿ ಯಾವಾಗ ನೀರಿಗೆ ಬಿತ್ತೋ ಅವಳಿಗೇ ಗೊತ್ತಾಗಲಿಲ್ಲ.

“ಒಲೆಗೆ ಹುಲ್ಲು ಸುತ್ತೋಕೆ ಬರುತ್ತಾಮ್ಮ?” ಒಲೆಯವನು ಕೇಳಿದ.

“ಬರುತ್ತೆ,” ಅಂದಳು ಹುಡುಗಿ.

“ಹಾಗಾದ್ರೆ ಕೂತ್ಕೋ. ಬಿಚ್ಚು ಅಂದ್ರೆ ಮಾತ್ರ ಬಿಚ್ಚಬೇಡ, ನಾನಿವತ್ತು ತುಂಬ ನೊಂದಿದೀನಿ.”

ಕೆಳಸಾಲಿನಲ್ಲಿ ಎಲ್ಲೋ ಒಂದು ಹಗ್ಗ ನೀರಿಗೆ ಬಿದ್ದ ಸದ್ದಾಯಿತು. ಆಮೇಲೆ ಇನ್ನೊಂದು. ಎಲ್ಲರೂ ಬಿಚ್ಚಲಿಲ್ಲ. ಕೆಲವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು, ಕೆಲವರು ತಮ್ಮ ಗಂಟಿನ ಮುಂದೆ ಕೈಕಟ್ಟಿ ಕಾವಲು ನಿಂತರು.

ತಂಗಿಯ ಮನೆಗೆ ಈಗ ಯಾವ ಗೂಟದ ಹಂಗೂ ಇರಲಿಲ್ಲ. ಅದು ನಿಂತಿದ್ದದ್ದು ತಂಗಿಯ ಒಂದು ತೋಳಿನ ಮೇಲೆ. ಬಗ್ಗಿ, ಅಕ್ಕನ ಜಗಲಿಯ ಕಂಬವನ್ನು ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕೆಳಗೆ ಜೊಂಡಿನ ಹೂ ಬೆಟ್ಟದ ಕಡೆಗೆ ಮುಖ ತಿರುಗಿಸಿತ್ತು. ಹಗ್ಗದವಳು ತನ್ನ ಜಗಲಿ ಹತ್ತಿ ಬಂದು ತಂಗಿಯ ಎದುರು ನಿಂತಳು. ಇಬ್ಬರ ನಡುವೆ ಒಂದು ಗೇಣು ನೀರು.

“ಕೇಳು ಅಕ್ಕ,” ತಂಗಿ ಉಸಿರು ಕಟ್ಟಿ ಹೇಳಿದಳು. “ಈಗಲೂ ಹೊತ್ತು ಮೀರಿಲ್ಲ. ಆ ಹುಡುಗಿ ನಿನ್ನ ಮನೇಲೇ ಇರ್ಲಿ, ಅವಳ ಗಂಡ ಈ ಕಡೆ ಮುಖ ಹಾಕದ ಹಾಗೆ ನಾನು ನೋಡ್ಕೋತೀನಿ. ಮಣೆ ನಿನಗೇ ಬಿಟ್ಟುಕೊಡ್ತೀನಿ. ನೀರು ಅಕ್ಕನ್ನ ಕೇಳ್ತಿದೆ ಅಂತ ಕೂಗ್ತೀನಿ, ನಂಬ್ತಾರೆ, ಇವರು ಏನು ಹೇಳಿದ್ರೂ ನಂಬ್ತಾರೆ. ಮುಂದಿನ ವರ್ಷ ನೀನೇ ಮಣೆ ಮೇಲೆ ಕೂತು ಬಿಚ್ಚಿ ಅನ್ನು, ನಾನು ತುಟಿ ಪಿಟಕ್ ಅನ್ನಲ್ಲ. ನಡುಗೋಡೆ ತೆಗೆದು ಎರಡು ಮನೆಗೂ ಒಂದೇ ಒಲೆ ಮಾಡೋಣ, ಭಾವ ಹಾಕಿಕೊಡ್ತಾರೆ. ಸಂಜೆ ಹೊತ್ತು ಇಬ್ಬರೂ ಅದರ ಮುಂದೆ ಕೂತಿರೋಣ. ಬಾಲ ಬಿಟ್ಟೇ ಕಟ್ಟು, ಬೇಡ ಅನ್ನಲ್ಲ. ಇದೊಂದು ವರ್ಷ. ನನ್ನನ್ನ ಕಟ್ಟು ಅಕ್ಕ.”

ಆ ಒಲೆಯನ್ನು ಹಗ್ಗದವಳು ಕಂಡಳು. ಅದರ ಮುಂದೆ ಎರಡು ಮಣೆ, ಕಾಲು ಚಾಚಿ ಕೂತ ಇಬ್ಬರು ಮುದುಕಿಯರು, ಅಮ್ಮನನ್ನು ಬೈಯುತ್ತ, ಅಮ್ಮನ ಹಾಗೇ ಕೆಮ್ಮುತ್ತ. ಅಷ್ಟು ಸ್ಪಷ್ಟವಾಗಿ ಕಂಡಿತೆಂದರೆ ಹೊಗೆ ಕಣ್ಣಿಗೆ ತಾಗಿದಂತಾಯಿತು. ಕಂಬ ಹಿಡಿದ ತಂಗಿಯ ತೋಳು ನೀರಿನ ಸೆಳೆತಕ್ಕೆ ನಡುಗತೊಡಗಿತ್ತು.

ತನ್ನ ಗಂಟನ್ನು ತಾನು ಮುಟ್ಟುವಂತಿಲ್ಲ. ಹಗ್ಗದವಳು ತನ್ನ ಮನೆಯ ಮೂಲೆಯ ಗೂಟದತ್ತ ಗಲ್ಲ ತೋರಿಸಿದಳು.

“ಬೇಡ,” ಅಂದಳು. “ನನ್ನದು ಬಿಚ್ಚು.”